ಬೆನ್ನ ಮೇಲಿನ ನಂಬರು

ಇದು ನನ್ನ ತಮ್ಮನ ಮೊಮ್ಮಗ ಗೊಮ್ಮಟೇಶನಿಗೆ ಆದದ್ದು. ಊರ ಮಂದಿ ಆಡಿಕೊಂಡದ್ದನ್ನು ಹೇಳುತ್ತಿಲ್ಲ. ಅವನೇ ನನ್ನೆದುರು ಕೂತು ಹೇಳಿದ್ದು... ಹೇಳುವಾಗ ನಡುನಡುವೆ ನಿಲ್ಲಿಸಿ ಬಾಗಿಲ ಕಡೆ ನೋಡುತ್ತಿದ್ದ.

ರಾತ್ರಿ ಎರಡು ದಾಟಿತ್ತು. ಗೊಮ್ಮಟೇಶ ಗಸ್ತು ಮುಗಿಸಿ ಒಬ್ಬನೇ ನಡೆದು ಬರುತ್ತಿದ್ದ. ಗೋಕಾಕಕ್ಕೂ ಮೂಡಲಗಿಗೂ ನಡುವೆ ಒಂದು ಪೊಲೀಸ್ ಹೊರಠಾಣೆ. ಯಾವುದು ಅಂತ ಕೇಳಬೇಡಿ, ನಾನು ಹೇಳುವುದಿಲ್ಲ. ಅಲ್ಲಿ ಅಂಗಡಿ ಸಾಲು ಮುಗಿದ ಮೇಲೆ ಕಬ್ಬಿನ ಹೊಲ. ಹೊಲದ ತುದಿಗೆ ಹಾಳು ಬಾವಿ. ಬಾವಿಯ ತಲೆಯ ಮೇಲೆ ಆಲದ ಮರ. ಆ ಮರದ ಬೊಡ್ಡೆಗೆ ಅಂಗೈ ಅಗಲದ ಒಂದು ತಗಡು ಬಡಿದಿದ್ದಾರೆ. ಗಸ್ತಿನವನು ಅದರ ಎದುರು ಮೊಬೈಲು ಹಿಡಿಯಬೇಕು. 'ಟಿಣ್' ಅನ್ನುತ್ತದೆ. ಇಂಥ ನಂಬರಿನವನು ಇಂಥ ಹೊತ್ತಿಗೆ ಇಲ್ಲಿದ್ದ ಅಂತ ಮೇಲಿನ ಕಚೇರಿಗೆ ಸುದ್ದಿ ಹೋಗುತ್ತದೆ. ಹಿಡಿಯದಿದ್ದರೆ ಬೆಳಿಗ್ಗೆ ಮೆಮೊ. ಅದಕ್ಕೇ ಆ ಮರವನ್ನು ತಪ್ಪಿಸಿ ಹೋಗುವ ಹಾಗಿರಲಿಲ್ಲ.

ಟಿಣ್.

ಅವನು ಮೊಬೈಲು ಜೇಬಿಗೆ ಹಾಕಿದ. ಆಗ ಕೇಳಿಸಿತು.

ಚಪ್... ಚಪ್...

ಒದ್ದೆ ಬಟ್ಟೆಯನ್ನು ಕಲ್ಲಿಗೆ ಮೆಲ್ಲಗೆ ಬಡಿದ ಹಾಗೆ. ಬಾವಿಯ ಕಟ್ಟೆಯ ಮೇಲೆ ಯಾರೋ ಆ ಕಡೆ ಮುಖ ಮಾಡಿ ಕೂತಿದ್ದರು. ಮೈಮೇಲೆ ಅಂಗಿ ಇಲ್ಲ. ಅಂಗಿ ಕೈಯಲ್ಲಿತ್ತು, ಅದರಿಂದ ನೀರು ಸೋರುತ್ತಿತ್ತು.

"ಯಾರಪಾ ಅದು?"

"ನಾನ್ರಿ ಸಾಹೇಬ್ರ." ದನಿ ಬಹಳ ಸಣ್ಣದು. "ಒಂದೀಟ ಬ್ಯಾಟ್ರಿ ಬಿಡ್ರಿ. ನನ್ನ ಬೆನ್ನ ಮ್ಯಾಲ ಏನೋ ಬರದಾರ. ನನಗ ಕಾಣೂದಿಲ್ಲ. ಓದಿ ಹೇಳ್ರಿ."

ಗೊಮ್ಮಟೇಶ ಬ್ಯಾಟರಿ ಬಿಟ್ಟ. ಬೆಳಕು ಬಿದ್ದಲ್ಲಿ ಚರ್ಮ ಇರಲಿಲ್ಲ. ಹೆಗಲಿನಿಂದ ಸೊಂಟದವರೆಗೆ ಬಾಸುಂಡೆ. ಒಂದರ ಮೇಲೆ ಒಂದು. ಕೆಲವು ಒಡೆದು ಒಳಗಿನ ಮಾಂಸ ಹೊಳೆಯುತ್ತಿತ್ತು. ಒಂದೊಂದು ಬಾಸುಂಡೆಯ ತುದಿಗೂ ಒಂದು ಚೌಕಾಕಾರದ ಗುರುತು, ಗುರುತಿನ ಒಳಗೆ ಅಂಕಿ. ಆದರೆ ಅಂಕಿಗಳು ತಿರುವುಮುರುವು ನಿಂತಿದ್ದವು. ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ.

"ಅಯ್ಯ... ಯಾರ ಹೊಡದಾರೋ ನಿನಗ? ಏಳ, ದವಾಖಾನಿಗೆ ಹೋಗೂಣು."

"ದವಾಖಾನಿ ಬ್ಯಾಡ್ರಿ. ಓದ್ರಿ."

"ಅಂಕಿ ಅದಾವು. ಉಲ್ಟಾ ಕಾಣಾಕತ್ತಾವು. ತಿಳಿವಲ್ದು."

ಅವನು ಕೈಯಲ್ಲಿದ್ದ ಅಂಗಿಯನ್ನು ಹಿಂಡಿದ.

"ನಾಳೆ ಚಲೋ ಬ್ಯಾಟ್ರಿ ತರ್ರಿ."

ಆಂಬುಲೆನ್ಸಿಗೆ ಫೋನು ಮಾಡೋಣ ಅಂತ ಗೊಮ್ಮಟೇಶ ಜೇಬಿಗೆ ಕೈ ಹಾಕಿದ. ತಲೆ ಎತ್ತಿದಾಗ ಕಟ್ಟೆಯ ಮೇಲೆ ಯಾರೂ ಇರಲಿಲ್ಲ. ಕಬ್ಬು ಅಲುಗಿರಲಿಲ್ಲ. ಬಾವಿಯಲ್ಲಿ ಏನೂ ಬಿದ್ದ ಸದ್ದು ಆಗಿರಲಿಲ್ಲ.

ಹೊರಠಾಣೆಗೆ ಬಂದು ಮುಖಕ್ಕೆ ನೀರು ಹಾಕಿಕೊಂಡ. ಗೋಡೆಯ ಮೇಲೆ ಆಳೆತ್ತರದ ಕನ್ನಡಿ ಇತ್ತು, ಟೋಪಿ ನೆಟ್ಟಗೆ ಇದೆಯೋ ಇಲ್ಲವೋ ನೋಡಿಕೊಳ್ಳಲು ಪೊಲೀಸರು ಇಡುತ್ತಾರಲ್ಲ, ಅಂಥದ್ದು. ಬೆಲ್ಟು ಬಿಚ್ಚಲು ಕೈ ಹಾಕಿದವನು ಕನ್ನಡಿಯಲ್ಲಿ ತನ್ನ ಸೊಂಟ ನೋಡಿದ. ಬೆಲ್ಟಿನ ಹಿತ್ತಾಳೆ ಬಿಲ್ಲೆ. ಚೌಕಾಕಾರದ್ದು. ಬಿಲ್ಲೆಯ ಮೇಲೆ ಉಬ್ಬಿದ ಅಂಕಿ. ಕನ್ನಡಿಯೊಳಗೆ ಅವು ತಿರುವುಮುರುವು ನಿಂತಿದ್ದವು... ಆ ಬೆನ್ನ ಮೇಲೆ ಹೇಗೆ ನಿಂತಿದ್ದವೋ ಹಾಗೆಯೇ.

ಏಳು. ನಾಲ್ಕು. ಮೂರು.

ಅದು ಅವನದೇ ನಂಬರು.

ಇಲ್ಲಿ ಒಂದು ಮಾತು ಹೇಳಬೇಕು. ಪೊಲೀಸರಲ್ಲಿ ಹೆಸರು ಮನೆಯವರಿಗೆ, ನಂಬರು ಇಲಾಖೆಗೆ. ಸಂಜೆ ಹಾಜರಿಯಲ್ಲಿ ನಂಬರು ಕೂಗುತ್ತಾರೆ. 'ಹಾಜರ, ಸಾಹೇಬ್ರ' ಅನ್ನಬೇಕು. ಗೊಮ್ಮಟೇಶ ಮೊದಲು ಇಲ್ಲಿಯವನಲ್ಲ. ನಮ್ಮ ಕಣಗಲಾದ ಹುಡುಗ, ಭರ್ತಿಯಾಗಿದ್ದು ದೊಡ್ಡ ಶಹರದ ಪೊಲೀಸಿನಲ್ಲಿ. ಆರು ವರ್ಷ ಅಲ್ಲಿದ್ದ. ಹೆಂಡತಿ ತ್ರಿಶಲಾಳಿಗೆ ಹುಕ್ಕೇರಿಯ ಸರಕಾರಿ ಕಚೇರಿಯಲ್ಲಿ ನೌಕರಿ ಸಿಕ್ಕಿತು ಅಂತ ಶಹರ ಬಿಟ್ಟು ಜಿಲ್ಲೆಗೆ ವರ್ಗ ಬೇಡಿಕೊಂಡ. ಶಹರದ ಪೊಲೀಸು ಬೇರೆ, ಜಿಲ್ಲೆಯ ಪೊಲೀಸು ಬೇರೆ. ಗಡಿ ದಾಟಿದ ಕೂಡಲೇ ಶಹರದ ನಂಬರು ಅಲ್ಲೇ ಉಳಿಯಿತು, ಇಲ್ಲಿ ಏಳು ನಾಲ್ಕು ಮೂರು ಸಿಕ್ಕಿತು. ಮೊದಲ ತಿಂಗಳು ಅವನಿಗೆ ಅದು ರೂಢಿಯೇ ಆಗಲಿಲ್ಲ. ಹೊಸ ನಂಬರು ಕೂಗಿದರೆ ಸುಮ್ಮನೆ ನಿಂತಿರುತ್ತಿದ್ದ. ಅವನ ಹಳೆಯ ನಂಬರು ಇಲ್ಲಿ ಬೇರೆ ಯಾರದೋ, ಅದನ್ನು ಕೂಗಿದರೆ ಇವನ ನಾಲಿಗೆ ತಾನೇ 'ಹಾಜರ' ಅನ್ನುತ್ತಿತ್ತು.

"ಕಿವಿ ಶಹರದಾಗ ಬಿಟ್ಟ ಬಂದೀಯೇನ?" ಅಂತ ಜಮಾದಾರ ಅಪ್ಪಣ್ಣ ಬಯ್ಯುತ್ತಿದ್ದ.

ಅಪ್ಪಣ್ಣ ಹೆಡ್ ಕಾನ್‌ಸ್ಟೇಬಲ್, ಆ ಹೊರಠಾಣೆಯ ಹಿರಿಯ. ನಿವೃತ್ತಿಗೆ ಐದು ತಿಂಗಳು ಇತ್ತು. ಈಗಿನ ಬೆಲ್ಟುಗಳ ಮೇಲೆ ನಂಬರು ಇರುವುದಿಲ್ಲ. ಆದರೆ ಗೊಮ್ಮಟೇಶ ಬಂದ ದಿನ ಅವನೇ ಕಬ್ಬಿಣದ ಪೆಟ್ಟಿಗೆಯಿಂದ ಹಳೆಯ ಬೆಲ್ಟು ತೆಗೆದು, "ಹೊಸಾವು ಬಂದಿಲ್ಲ, ಸದ್ಯಕ್ಕ ಇದನ್ನ ಕಟಗೊ. ನಂಬರರೆ ನಿಂದ ಐತಿ" ಅಂದಿದ್ದ.

ಬೆಳಗಾಗುವುದರೊಳಗೆ ಗೊಮ್ಮಟೇಶ ಆ ಬೆಲ್ಟನ್ನು ಅಪ್ಪಣ್ಣನ ಮುಂದೆ ಮೇಜಿನ ಮೇಲೆ ಹಾಕಿದ. ಠಣ್ ಅಂತು.

"ಕಾಕಾ, ಇದು ಯಾರದು?"

ಅಪ್ಪಣ್ಣ ಚಹಾದ ಕಪ್ಪು ಕೆಳಗಿಟ್ಟ.

"ಬಾವಿ ಕಡೆ ಕಂಡನೇನ?"

"ಯಾರಂವಾ?"

"ಸಾವಕಾಶ ಮಾತಾಡ." ಅಪ್ಪಣ್ಣ ಎದ್ದು ಬಾಗಿಲು ಮುಂದೆ ಮಾಡಿದ. "ಕರೆಪ್ಪ ಅಂತ. ಮಮದಾಪುರದಾಂವ. ಹನ್ನೆರಡ ವರ್ಷ ಆತು."

ಅಪ್ಪಣ್ಣ ಹೇಳಿದ್ದು ಇಷ್ಟು. ಆಗ ಶಹರ, ಜಿಲ್ಲೆ ಎಲ್ಲ ಒಂದೇ ಪೊಲೀಸು. ಈ ಹೊರಠಾಣೆಯಲ್ಲಿ ಲಕ್ಕಪ್ಪ ಅಂತ ಒಬ್ಬ ಕಾನ್‌ಸ್ಟೇಬಲ್ ಇದ್ದ. ಇಪ್ಪತ್ತು ವರ್ಷ ಅವನ ನಂಬರು ಏಳು ನಾಲ್ಕು ಮೂರು. ಒಂದು ರಾತ್ರಿ ಗಸ್ತಿನಲ್ಲಿ ಕರೆಪ್ಪ ಸಿಕ್ಕ. ಸೈಕಲ್ಲಿನ ಹಿಂದೆ ನೀರೆತ್ತುವ ಮೋಟರು ಕಟ್ಟಿಕೊಂಡಿದ್ದ. ಸುತ್ತ ಹಳ್ಳಿಯಲ್ಲಿ ಮೋಟರು ಕಳುವಾಗುತ್ತಿದ್ದ ಕಾಲ ಅದು. ಲಕ್ಕಪ್ಪ ಅವನನ್ನು ಬಾವಿಯ ಕಟ್ಟೆಗೆ ಎಳೆದುಕೊಂಡು ಹೋದ. ಎದೆಯ ಮೇಲಿನ ಹೆಸರಿನ ಪಟ್ಟಿ ಬಿಚ್ಚಿ ಜೇಬಿಗೆ ಹಾಕಿಕೊಂಡ. ಹೊಡೆಯುವವರು ಹಾಗೆ ಮಾಡುತ್ತಾರೆ, ಹೊಡೆಸಿಕೊಂಡವನಿಗೆ ಹೆಸರು ಗೊತ್ತಾಗಬಾರದು ಅಂತ. ಲಾಠಿ ಮುರಿಯುವ ತನಕ ಹೊಡೆದ. ಮುರಿದ ಮೇಲೆ ಬೆಲ್ಟು ಬಿಚ್ಚಿದ. ಬಿಲ್ಲೆಯ ಕಡೆಯಿಂದ ಹೊಡೆದ.

"ಅಂವಾ ಒಂದ ಮಾತ ಕೇಳತಿದ್ದ," ಅಂದ ಅಪ್ಪಣ್ಣ. "ಸಾಹೇಬ್ರ, ನಿಮ್ಮ ಹೆಸರರೆ ಹೇಳ್ರಿ ಅಂತಿದ್ದ. ಲಕ್ಕಪ್ಪ ನಕ್ಕೋತ, ನಿನ್ನ ಬೆನ್ನ ಮ್ಯಾಲ ಬರದೇನಿ, ಓದ್ಕೊ ಅಂದ... ಬೆಳಕ ಹರಿಯೂದ್ರಾಗ ಸತ್ತ. ಬಾವ್ಯಾಗ ಹಾಕಿದ. ಕುಡದು ಬಿದ್ದ ಅಂತ ಕಾಗದ ಆತು. ಆ ಮೋಟರು ಅವಂದ ಇತ್ತಪಾ. ಸುಟ್ಟಿತ್ತು. ವೈಂಡಿಂಗ್ ಮಾಡಸಾಕ ಒಯ್ಯಾಕತ್ತಿದ್ದ."

"ನಿಮಗ ಇಷ್ಟೆಲ್ಲಾ ಹೆಂಗ ಗೊತ್ತು?"

ಅಪ್ಪಣ್ಣ ತನ್ನ ಅಂಗೈ ನೋಡಿಕೊಂಡ.

"ಬ್ಯಾಟ್ರಿ ನಾ ಹಿಡದಿದ್ದೆ."

ಹೊರಗೆ ಕಬ್ಬಿನ ಟ್ರ್ಯಾಕ್ಟರ್ ಒಂದು ಗಡಗಡ ಅಂತ ಹೋಯಿತು. ಅದು ದೂರ ಹೋದ ಮೇಲೆ ಅಪ್ಪಣ್ಣ ಉಳಿದದ್ದನ್ನೂ ಹೇಳಿದ.

ಕರೆಪ್ಪ ಸತ್ತ ಮುಂದಿನ ವರ್ಷ ಶಹರಕ್ಕೆ ಅಂತಲೇ ಪ್ರತ್ಯೇಕ ಕಮಿಷನರ್ ಬಂದರು. ಪೊಲೀಸು ಎರಡು ಭಾಗವಾಯಿತು, ಅಣ್ಣತಮ್ಮಂದಿರು ಬೇರೆಯಾದ ಹಾಗೆ. ಯಾರಿಗೆ ಶಹರ ಬೇಕು, ಯಾರಿಗೆ ಜಿಲ್ಲೆ ಬೇಕು, ಬರೆದು ಕೊಡಿ ಅಂದರು. ಮೊದಲು ಬರೆದು ಕೊಟ್ಟವನು ಲಕ್ಕಪ್ಪ. ಶಹರಕ್ಕೆ ಹೋದ, ಹೊಸ ನಂಬರು ಸಿಕ್ಕಿತು, ಮುಂದೆ ಜಮಾದಾರನೂ ಆದ. ಹಳೆಯ ನಂಬರು ಮತ್ತು ಬೆಲ್ಟು ಇಲ್ಲೇ ಉಳಿದವು.

"ಸರಕಾರದ ಆರ್ಡರ್ ನಮಗ ಬರ್ತೈತಿ," ಅಂದ ಅಪ್ಪಣ್ಣ. "ಸತ್ತಾಂವಗ ಯಾರ ಕಳಸ್ತಾರ?"

ಲಕ್ಕಪ್ಪನ ನಂತರ ಆ ನಂಬರು ಕಾಶಿನಾಥ ಅನ್ನುವ ಹೊಸ ಹುಡುಗನಿಗೆ ಬಂತು. ಹುಡುಗ ಬೆಲ್ಟು ತಿಕ್ಕಿ ತಿಕ್ಕಿ ಹೊಳೆಸುತ್ತಿದ್ದನಂತೆ. ಹತ್ತೊಂಬತ್ತನೆಯ ದಿನ ಬಾವಿಯ ಹತ್ತಿರ ಅವನ ವೈರ್‌ಲೆಸ್ಸಿನ ಗುಂಡಿ ಒತ್ತಿ ಹಿಡಿದ ಹಾಗೆ ಆಗಿ, ಅವನ ಮಾತು ಹೊರಠಾಣೆಗೆ ಕೇಳಿಸಿತು. 'ಏಳು, ನಾಲ್ಕು, ಮೂರು' ಅಂತ ಓದಿದ. ಯಾರೋ ಸಣ್ಣ ದನಿಯಲ್ಲಿ 'ಯಾರದು?' ಅಂದರು. ಹುಡುಗ 'ನಂದು' ಅಂದ.

ಅಲ್ಲಿಂದ ಮುಂದೆ ಬರೀ ಒಂದೇ ಸದ್ದು. ಸುಂಯ್... ಫಟ್. ಸುಂಯ್... ಫಟ್. ಅಪ್ಪಣ್ಣ ವೈರ್‌ಲೆಸ್ಸಿನ ವೈರು ಕಿತ್ತುಹಾಕಿದ. ಬೆಳಿಗ್ಗೆ ಕಾಶಿನಾಥ ಆಲದ ಬುಡದಲ್ಲಿ ಬೋರಲಾಗಿ ಸಿಕ್ಕ. ಬೆನ್ನು ಅನ್ನುವುದು ಇರಲಿಲ್ಲ, ಎಲುಬು ಕಾಣುತ್ತಿದ್ದವು. ಆಮೇಲೆ ಆ ನಂಬರು ಖಾಲಿ ಬಿದ್ದಿತ್ತು, ಬೆಲ್ಟು ಪೆಟ್ಟಿಗೆ ಸೇರಿತ್ತು.

"ಇಷ್ಟ ಗೊತ್ತಿದ್ದೂ ನನಗ ಈ ಬೆಲ್ಟ ಯಾಕ ಕೊಟ್ರಿ ಕಾಕಾ?"

"ನಂಬರ ನಾ ಕೊಟ್ಟಿಲ್ಲ. ಜಿಲ್ಲಾ ಕಚೇರಿಯಿಂದ ಬಂತು."

"ಬೆಲ್ಟು?"

ಅಪ್ಪಣ್ಣನ ದನಿ ಇನ್ನೂ ಇಳಿಯಿತು. "ನಿವೃತ್ತಿ ಆಗೂ ಮೊದಲ ಪೆಟ್ಟಿಗ್ಯಾಗಿನ ಸಾಮಾನೆಲ್ಲಾ ಬ್ಯಾರೇದಾವಗ ಒಪ್ಪಿಸಬೇಕ. ಆ ಬೆಲ್ಟ ಯಾಕ ಹಂಗ ಬಿದ್ದೈತಿ ಅಂತ ಯಾರರ ಕೇಳಿದ್ರ ನಾ ಏನ ಹೇಳಲಿ? ನಿನ್ನ ಹೆಸರಿಗೆ ಹಾಕಿ ಬಿಟ್ಟೆ."

ಗೊಮ್ಮಟೇಶ ಅವನ ಮೇಲೆ ಸಿಟ್ಟಾಗಲಿಲ್ಲ. ಅದು ಅವನ ಸ್ವಭಾವ. ಸಂಜೆ ಸೂರ್ಯ ಮುಳುಗಿದ ಮೇಲೆ ಅನ್ನ ಮುಟ್ಟುವವನಲ್ಲ, ರಾತ್ರಿ ಪಾಳಿಗೆ ಕಾಸಿ ಆರಿಸಿದ ನೀರಿನ ಬಾಟಲಿ ಒಂದೇ ಒಯ್ಯುವವನು. ಶಹರದಲ್ಲಿದ್ದಾಗ ಆರು ವರ್ಷದಲ್ಲಿ ಒಬ್ಬನ ಮೇಲೂ ಲಾಠಿ ಎತ್ತಿರಲಿಲ್ಲ. ಅದಕ್ಕೆ ನಗುವವರು ಬಹಳ ಮಂದಿ.

ಮರುರಾತ್ರಿ ಅವನು ಬೆಲ್ಟನ್ನು ಹೊರಠಾಣೆಯಲ್ಲೇ ಬಿಟ್ಟು ಹೋದ. ಸೊಂಟಕ್ಕೆ ತನ್ನ ಮನೆಯ ಬೆಲ್ಟು ಕಟ್ಟಿಕೊಂಡ. ಮರದ ಹತ್ತಿರ ಬೇಗ ಬೇಗ ಹೋದ, ಮೊಬೈಲು ಹಿಡಿದ.

ಟಿಣ್.

ಚಪ್... ಚಪ್... ಈ ಸಲ ಸದ್ದು ಕಟ್ಟೆಯ ಮೇಲಿನಿಂದ ಬರಲಿಲ್ಲ. ಮರದ ಈ ಕಡೆಯಿಂದ ಬಂತು. ಕೈ ಚಾಚಿದರೆ ಮುಟ್ಟುವಷ್ಟು ಹತ್ತಿರ ಆ ಬೆನ್ನು ನಿಂತಿತ್ತು. ರಕ್ತದ ವಾಸನೆ, ಹಳೆಯ ನೀರಿನ ವಾಸನೆ.

"ಚಲೋ ಬ್ಯಾಟ್ರಿ ತಂದೀರೇನ್ರಿ? ಓದ್ರಿ."

"ನನಗ ಓದಾಕ ಬರೂದಿಲ್ಲಪಾ."

ಸುಂಯ್... ಫಟ್.

ಹೊಡೆತ ಎಲ್ಲಿಂದ ಬಂತು ಅಂತ ಕಾಣಲಿಲ್ಲ. ಗೊಮ್ಮಟೇಶ ಮೊಣಕಾಲೂರಿದ. ಬೆನ್ನ ಮೇಲೆ ಕಾದ ಕಬ್ಬಿಣ ಇಟ್ಟ ಹಾಗಾಯಿತು. ಉಸಿರು ಬರಲಿಲ್ಲ.

"ಸುಳ್ಳ ಹೇಳಬ್ಯಾಡ್ರಿ. ಓದ್ರಿ."

ಅವನು ಬಾಯಿ ತೆರೆಯಲಿಲ್ಲ. ಓದಿದರೆ 'ಯಾರದು' ಅಂತ ಕೇಳುತ್ತಾನೆ. ತನ್ನದು ಅಂದರೆ ತಾನು ಸತ್ತ. ಲಕ್ಕಪ್ಪನದು ಅಂದರೆ ಲಕ್ಕಪ್ಪ ಸತ್ತ.

ಸುಂಯ್... ಫಟ್.

"ನಾಳೆ ಮತ್ತ ಬರ್ತೇನ್ರಿ," ಅಂತು ದನಿ. ಸಿಟ್ಟು ಇರಲಿಲ್ಲ ಅದರಲ್ಲಿ. ಕಚೇರಿಗೆ ಅಲೆದು ಅಲೆದು ದಣಿದವರ ದನಿ ಇರುತ್ತದಲ್ಲ, ಹಾಗೆ.

ಬೆಳಿಗ್ಗೆ ಮೊದಲ ಬಸ್ಸಿಗೆ ಹುಕ್ಕೇರಿಗೆ ಹೋದ. ಸೀಟಿಗೆ ಬೆನ್ನು ತಾಗಬಾರದು ಅಂತ ದಾರಿಯುದ್ದಕ್ಕೂ ಮುಂದೆ ಬಾಗಿ ಕೂತಿದ್ದ. ಮನೆಯಲ್ಲಿ ತ್ರಿಶಲಾ ಅಂಗಿ ಬಿಚ್ಚಿಸಿದಳು. ಅಂಗಿ ಗಾಯಕ್ಕೆ ಅಂಟಿಕೊಂಡಿತ್ತು, ನೀರು ಹಾಕಿ ಬಿಡಿಸಬೇಕಾಯಿತು.

"ಯಾರ ಹೊಡದಾರ್ರಿ?"

"ಬಿದ್ದೆ."

"ಬಿದ್ರ ಅಂಕಿ ಮೂಡ್ತಾವೇನ್ರಿ?" ಅವಳು ಗಾಯದ ಹತ್ತಿರ ಬಗ್ಗಿದಳು. "ಇದು ಮೂರು. ತಿರುಗಿ ನಿಂತೈತಿ. ಇದು ನಾಲ್ಕು... ಬಾಜೂಕ ಒಂದ ಅಂಕಿ ಹಿಡಿಯುವಷ್ಟ ಜಾಗಾ ಬಿಟ್ಟಾರ."

ಅವನು ಎಲ್ಲ ಹೇಳಿದ. ತ್ರಿಶಲಾ ಅರಿಸಿನ ಹಚ್ಚುತ್ತ ಕೇಳಿದಳು.

"ಅವನ ಹೆಸರ ಹೇಳಿಬಿಡ್ರಿ," ಅಂದಳು. "ಅಂವಾ ಮಾಡ್ಯಾನ, ಅಂವಾ ಉಣ್ಣಲಿ."

"ಹೇಳಿದ್ರ ನಾ ಅವನ್ನ ಕೊಂದಂಗ ತ್ರಿಶಲಾ."

"ಸುಮ್ಮನಿದ್ರ ನಿಮ್ಮನ್ನ ನೀವ ಕೊಂದಂಗ. ಅದು ಹಿಂಸಾ ಅಲ್ಲೇನ್ರಿ? ಅದಕ್ಕೇನ ಬ್ಯಾರೆ ಪುಸ್ತಕ ಐತೇನು?"

"ರಜಾ ಹಾಕಿದ್ರ..."

"ನಿಮ್ಮ ನಂಬರ ರಜಾ ಹಾಕತೈತೇನ್ರಿ?"

ಗೊಮ್ಮಟೇಶ ಅಪ್ಪಣ್ಣನ ಕಡೆಯಿಂದ ಲಕ್ಕಪ್ಪನ ಮೊಬೈಲು ನಂಬರು ತೆಗೆದುಕೊಂಡು ಫೋನು ಮಾಡಿದ.

"ಯಾರಪಾ?"

"ನಮಸ್ಕಾರ್ರಿ ಕಾಕಾ. ನಾ ಗೊಮ್ಮಟೇಶ. ನಿಮ್ಮ ಹಳೇ ಹೊರಠಾಣೆದಾಗ ಅದೇನ್ರಿ. ಏಳು ನಾಲ್ಕು ಮೂರು ಈಗ ನನ್ನ ಕಡೆ ಐತ್ರಿ."

ಆ ಕಡೆ ಚಹಾ ಹೀರುವ ಸದ್ದು ನಿಂತಿತು.

"ಯಾ ಗೊಮ್ಮಟೇಶ? ಕಣಗಲಾದ ಜೈನರಾಂವ? ನಮ್ಮ ಶಹರದಾಗ ಇದ್ದೆಲ್ಲಾ. ಕಳ್ಳಗ ಹೊಡಿಯೂ ಮೊದಲ ಅವನ ಮೈಮ್ಯಾಲ ಇರುವಿ ಅದಾವೇನ ಅಂತ ನೋಡಾಂವ ನೀನ ಅಲ್ಲ?"

"ಹೌದ್ರಿ, ನಾನ."

"ಏನ ಬೇಕಾಗಿತ್ತು?"

"ಕರೆಪ್ಪ ಬರಾಕತ್ತಾನ್ರಿ."

ಆ ಕಡೆ ಕಪ್ಪು ಕೆಳಗಿಟ್ಟ ಸದ್ದು ಕೇಳಿಸಿತು.

"ಬರಲಿ. ಚಹಾ ಕುಡಿಸಿ ಕಳಸು."

"ಒಂದ ಸಲ ಬರ್ರಿ ಕಾಕಾ. ಬಾವಿ ಕಡೆ ನಿಂತು ತಪ್ಪಾತು, ಕ್ಷಮಾ ಮಾಡು ಅನ್ರಿ. ಬ್ಯಾರೆ ಏನೂ ಬ್ಯಾಡ್ರಿ. ನಾ ನಿಮ್ಮ ಬಾಜೂಕ ನಿಂದರ್ತೇನಿ."

ಲಕ್ಕಪ್ಪ ನಕ್ಕ. "ನಾ ಯಾಕ ಅನಬೇಕ? ಆ ನಂಬರ ನಿಂದು. ಆರ್ಡರ್ ಪ್ರಕಾರ ನಿಂದು. ನಮ್ಮ ಕಮಿಷನರ್ ಕಚೇರ್ಯಾಗ ಹೋಗಿ ಕೇಳು, ಏಳು ನಾಲ್ಕು ಮೂರು ಲಕ್ಕಪ್ಪ ಅನ್ನಾಂವ ಯಾ ಲಿಸ್ಟಿನ್ಯಾಗೂ ಇಲ್ಲ."

"ನಾ ನಿಮ್ಮ ಹೆಸರ ಹೇಳಿದ್ರ?"

"ಹೇಳು." ಲಕ್ಕಪ್ಪನ ದನಿ ತಣ್ಣಗಾಯಿತು. "ಹೇಳಿ, ನಿಮ್ಮ ಮುನಿಗಳ ಮುಂದ ಹೋಗಿ ಕುಂಡ್ರು. ಸ್ವಾಮೀ, ಕೈ ಎತ್ತಲಿಲ್ಲ, ಬಾಯಿಲೆ ಒಂದ ಜೀವಾ ತಗದ ಬಂದೇನಿ ಅನ್ನು. ಏನಂತಾರ ಕೇಳಿ ನನಗೂ ತಿಳಸು."

ಫೋನು ಇಟ್ಟುಬಿಟ್ಟ.

ಮೂರನೆಯ ರಾತ್ರಿ. ಗೊಮ್ಮಟೇಶ ಹೊರಡುವಾಗ ಅಪ್ಪಣ್ಣ ಕುರ್ಚಿಯಿಂದ ಏಳಲಿಲ್ಲ, ಮುಖವನ್ನೂ ಎತ್ತಲಿಲ್ಲ. ಬಿಲ್ಲೆಯ ಬೆಲ್ಟು ಮೇಜಿನ ಮೇಲಿತ್ತು. ಬಿಟ್ಟು ಹೋದರೂ ಅಷ್ಟೇ, ಕಟ್ಟಿಕೊಂಡು ಹೋದರೂ ಅಷ್ಟೇ ಅಂತ ಗೊಮ್ಮಟೇಶ ಅದನ್ನೇ ಕಟ್ಟಿಕೊಂಡ. ಗಾಳಿ ಇರಲಿಲ್ಲ. ಕಬ್ಬಿನ ಗರಿ ನಿಂತಲ್ಲೇ ನಿಂತಿತ್ತು. ಅವನ ಬೂಟಿನ ಸದ್ದು ಅವನಿಗೇ ಜೋರಾಗಿ ಕೇಳುತ್ತಿತ್ತು... ಟಕ್... ಟಕ್... ಅಂಗಡಿ ಸಾಲಿನ ನಾಯಿ ಕೊನೆಯ ಕಂಬದವರೆಗೆ ಬಂದು ಅಲ್ಲೇ ಕೂತುಬಿಟ್ಟಿತು.

ಮರದ ಹತ್ತಿರ ಹೋಗುವ ಮೊದಲೇ ಅವನು ಲಕ್ಕಪ್ಪನಿಗೆ ಫೋನು ಹಚ್ಚಿದ. ಕೊನೆಯದಾಗಿ ಒಂದು ಸಲ ಬೇಡಿಕೊಳ್ಳೋಣ ಅಂತ. ಬರದಿದ್ದರೆ ಬೇಡ, ಫೋನಿನಲ್ಲೇ 'ತಪ್ಪಾತು' ಅನ್ನಲಿ ಅಂತ. ಲಕ್ಕಪ್ಪನಿಗೆ ಆ ರಾತ್ರಿ ಶಹರದ ಠಾಣೆಯಲ್ಲಿ ಪಾಳಿ ಇತ್ತು. ಪಾಳಿಯ ಹೊತ್ತಿಗೆ ಒಳಗಿನ ಕೋಣೆಯಲ್ಲಿ ಮಲಗಿಬಿಡುವುದು ಅವನ ರೂಢಿ.

ಬಹಳ ಹೊತ್ತು ಗಂಟೆ ಬಾರಿಸಿತು. ಆಮೇಲೆ ಎತ್ತಿದ ಸದ್ದು. "ಹೂಂ..." ಅಂದ ಲಕ್ಕಪ್ಪ. ನಿದ್ದೆಗಣ್ಣು. ಮತ್ತೆ ಗೊರಕೆ. ಫೋನು ಎತ್ತಿದ್ದೇ ಅವನಿಗೆ ಗೊತ್ತಾಗಿರಲಿಲ್ಲ.

"ಕಾಕಾ... ಲಕ್ಕಪ್ಪ ಕಾಕಾ..." ಅಂತ ಗೊಮ್ಮಟೇಶ ಪಿಸುಗುಟ್ಟಿದ. ಗೊರಕೆ ನಿಲ್ಲಲಿಲ್ಲ.

ಚಪ್.

ಬೆನ್ನು ಅವನೆದುರು ಬಂದು ನಿಂತಿತ್ತು. ನಡುವೆ ಒಂದು ಗೇಣು ಜಾಗ. ಬಾಸುಂಡೆಗಳು ಉಸಿರಾಡುತ್ತಿದ್ದವು... ಹಾಗೆ ಅಂದ ಅವನು ನನ್ನ ಮುಂದೆ. ತೆರೆಯುತ್ತಿದ್ದವು, ಮುಚ್ಚುತ್ತಿದ್ದವು.

"ಓದ್ರಿ."

"ಕರೆಪ್ಪಾ, ನಾ ನಿನಗ ಏನೂ ಮಾಡಿಲ್ಲ. ನಾ ನಿನ್ನ ನೋಡಿದ್ದ ಮೊನ್ನೆ."

"ಗೊತ್ತಿಲ್ರಿ ಸಾಹೇಬ್ರ. ಅವತ್ತ ಕತ್ತಲಿ ಇತ್ತು. ನಿಮ್ಮ ಮಂದಿ ಎಲ್ಲಾ ನನಗ ಒಂದ ಥರಾ ಕಾಣ್ತಾರ. ಓದ್ರಿ."

ಸುಂಯ್ ಅಂತ ಗಾಳಿ ಸೀಳಿದ ಸದ್ದು ಮೇಲಿನಿಂದ ಶುರುವಾಯಿತು. ಗೊಮ್ಮಟೇಶನ ಬೆನ್ನ ಮೇಲೆ ಉಳಿದಿದ್ದ ಜಾಗ ತಾನೇ ಜುಮ್ ಅಂದಿತು. ಅಲ್ಲಿ ಏಳು ಮೂಡಬೇಕಿತ್ತು.

ಗೊಮ್ಮಟೇಶ ಓದಿದ.

ಪಿಸುದನಿಯಲ್ಲಿ ಓದಲಿಲ್ಲ. ಎದೆ ಸೆಟೆಸಿ, ಸಂಜೆ ಹಾಜರಿಯಲ್ಲಿ ಇನ್ಸ್‌ಪೆಕ್ಟರು ಕೂಗುತ್ತಾರಲ್ಲ, ಆ ದನಿಯಲ್ಲಿ ಓದಿದ. ಕಬ್ಬಿನ ಆ ಕಡೆಯವರೆಗೆ ಕೇಳಿಸುವ ಹಾಗೆ.

"ಏಳು... ನಾಲ್ಕು... ಮೂರು."

"ಯಾರದು?" ಅಂತು ದನಿ.

ಗೊಮ್ಮಟೇಶನ ಬಾಯಿ ತೆರೆದಿತ್ತು. ಅವನು ಏನೂ ಹೇಳಿರಲಿಲ್ಲ. ಅಷ್ಟರಲ್ಲಿ ಅವನ ಕೈಯೊಳಗಿನ ಫೋನಿನಿಂದ ಮಂಚ ಕಿರ್ರ್ ಅಂದ ಸದ್ದು ಬಂತು. ಆಮೇಲೆ ಹಿಮ್ಮಡಿಗೆ ಹಿಮ್ಮಡಿ ಬಡಿದ ಸದ್ದು, ಠಪ್. ಆಮೇಲೆ ನಿದ್ದೆಯಿಂದ ಎದ್ದವನ ಒರಟು ದನಿ.

"ಹಾಜರ, ಸಾಹೇಬ್ರ."

ಇಪ್ಪತ್ತು ವರ್ಷದ ರೂಢಿ. ಹೊಸ ನಂಬರು ಲಿಸ್ಟಿನಲ್ಲಿತ್ತು, ನಾಲಿಗೆಗೆ ಇಳಿದಿರಲಿಲ್ಲ.

ಆಲದ ಎಲೆ ಒಂದು ಕೂಡ ಅಲುಗಲಿಲ್ಲ. ಬೆನ್ನು ಇನ್ನು ಅಲ್ಲಿ ಇರಲಿಲ್ಲ. ಗೊಮ್ಮಟೇಶ ಫೋನನ್ನು ಕಿವಿಗೆ ಹಿಡಿದ.

"ಯಾರ್ರಿ..." ಅನ್ನುತ್ತಿದ್ದ ಲಕ್ಕಪ್ಪ. "ಹಾಜರಿ ಯಾರ ಕೂಗಿದ್ರ? ಏ... ದೀಪ ಯಾರ ಆರಿಸಿದ್ರೋ?"

ಚಪ್... ಚಪ್... ಅಲ್ಲಿಂದ ಶಹರಕ್ಕೆ ಬಸ್ಸಿನಲ್ಲಿ ಎರಡು ತಾಸಿನ ದಾರಿ. ಫರಸಿ ಕಲ್ಲಿನ ನೆಲದ ಮೇಲೆ ಒದ್ದೆ ಕಾಲು ಇಟ್ಟ ಸದ್ದು ಫೋನಿನೊಳಗೆ ಕೇಳಿಸಿತು.

"ಕಾಕಾ, ತಪ್ಪಾತು ಅನ್ರಿ," ಅಂದ ಗೊಮ್ಮಟೇಶ. "ಲಗೂನ ಅನ್ರಿ. ಒಂದ ಮಾತ. ಅನ್ರಿ ಕಾಕಾ."

"ಲೇ... ಹೊರಗ ಹೋಗಲೇ. ನಾ ಯಾರ ಗೊತ್ತೈತಿ..."

ಸುಂಯ್... ಫಟ್.

ಲಕ್ಕಪ್ಪ ಮೊದಲು ಬಯ್ದ. ಆಮೇಲೆ ಕೂಗಿದ. ಆಮೇಲೆ ಮಗುವಿನ ಹಾಗೆ ಅತ್ತ. ಮಂಚ ಉರುಳಿತು, ನೀರಿನ ಕೊಡ ಉರುಳಿತು. ಉಗುರಿನಿಂದ ಬಾಗಿಲು ಕೆರೆಯುವ ಸದ್ದು, ಗರ್... ಗರ್... ಕೊನೆಕೊನೆಗೆ ಫಟ್ ಅನ್ನುವ ಸದ್ದು ಕೂಡ ಬದಲಾಯಿತು. ಮೆತ್ತಗಾಯಿತು, ಕೆಸರಿಗೆ ಬಡಿದ ಹಾಗೆ. ಗೊಮ್ಮಟೇಶ ಫೋನು ಇಡಲಿಲ್ಲ. ಇಡಲು ಬೆರಳು ಬರಲಿಲ್ಲ ಅಂದ. 'ತಪ್ಪಾತು' ಅನ್ನುವ ಮಾತು ಕೇಳುತ್ತದೇನೋ ಅಂತ ಕೊನೆಯತನಕ ಕಾದ. ಕೇಳಲಿಲ್ಲ.

ನಾನು ಅವನನ್ನು ಒಂದೇ ಪ್ರಶ್ನೆ ಕೇಳಿದೆ. ಅಷ್ಟು ಗಟ್ಟಿಯಾಗಿ ಯಾಕೆ ಓದಿದೆಯೋ ಗೊಮ್ಮಟಾ, ಆ ದನಿಯಲ್ಲಿ ಯಾಕೆ ಓದಿದೆ ಅಂತ. ಅವನು ನನ್ನ ಮುಖ ನೋಡಲಿಲ್ಲ.

ಶಹರದಲ್ಲಿ ಬಾಗಿಲು ಒಡೆದು ತೆಗೆಯಬೇಕಾಯಿತಂತೆ. ಒಳಗಿನಿಂದ ಅಗಳಿ ಹಾಕಿತ್ತು. ಹೆಣ ಹೊರಳಿಸಿದವರಲ್ಲಿ ಇಬ್ಬರು ಹೊರಗೆ ಓಡಿ ವಾಂತಿ ಮಾಡಿಕೊಂಡರು. ಎದೆ ನಿಂತು ಸತ್ತ ಅಂತ ಕಾಗದ ಆಯಿತು. ಕಾಗದಕ್ಕೇನು, ಆಗುತ್ತದೆ.

ಗೊಮ್ಮಟೇಶ ಅದಕ್ಕೆಲ್ಲ ಕಾಯಲಿಲ್ಲ. ನಸುಕಿಗೇ ಮಮದಾಪುರಕ್ಕೆ ಹೋದ. ಕರೆಪ್ಪನ ಹೆಂಡತಿ ಶಿವವ್ವ ಇನ್ನೂ ಇದ್ದಾಳೆ ಅಂತ ಅಪ್ಪಣ್ಣ ಹೇಳಿದ್ದ. ನಿನ್ನ ಗಂಡ ಕುಡಿದು ಬಿದ್ದವನಲ್ಲ, ಕಳ್ಳನೂ ಅಲ್ಲ, ಅಷ್ಟು ಅವಳಿಗೆ ಹೇಳಬೇಕು ಅಂತ ಅವನ ಮನಸ್ಸಿಗೆ ಬಂತು. ಅದನ್ನು ಹನ್ನೆರಡು ವರ್ಷ ಯಾರೂ ಹೇಳಿರಲಿಲ್ಲ.

ಶಿವವ್ವ ಅಂಗಳ ಗುಡಿಸುತ್ತಿದ್ದಳು. ಖಾಕಿ ನೋಡಿ ಕಸಬರಿಗೆ ಕೆಳಗಿಟ್ಟಳು. ಹೆದರಲಿಲ್ಲ.

"ಅವ್ವಾರ," ಅಂದ ಗೊಮ್ಮಟೇಶ, "ನಾ ಪೊಲೀಸ್ ಹೊರಠಾಣೆಯಿಂದ ಬಂದೇನ್ರಿ. ನಿಮ್ಮ ಮನಿಯವ್ರು ಕರೆಪ್ಪ..."

ಶಿವವ್ವ ತುಟಿಯ ಮೇಲೆ ಬೆರಳಿಟ್ಟಳು.

"ಸಣ್ಣ ದನಿಲೆ ಮಾತಾಡ್ರಿ ಸಾಹೇಬ್ರ. ಹನ್ನೆರಡ ವರ್ಷ ಬೆನ್ನ ನೆಲಕ್ಕ ಹಚ್ಚಿಲ್ಲ, ಈಗರ ಮಲಗ್ಯಾನ."

ಬಾಗಿಲು ಅರ್ಧ ತೆರೆದಿತ್ತು. ಒಳಗೆ ಕತ್ತಲೆ. ಹೊಸ್ತಿಲಿನ ಬೆಳಕು ಬೀಳುವಷ್ಟು ದೂರದಲ್ಲಿ ಒಂದು ಕಂಬಳಿ. ಕಂಬಳಿಯ ತುದಿಯಿಂದ ಎರಡು ಪಾದ ಹೊರಗೆ ಚಾಚಿದ್ದವು. ಬೆರಳು ಮೇಲೆ, ಹಿಮ್ಮಡಿ ಕೆಳಗೆ. ಅಂಗಾತ ಮಲಗಿದ್ದ. ಶಿವವ್ವ ಒಳಗೆ ಹೋಗಿ ಸೆರಗಿನಿಂದ ಒಂದು ನೊಣ ಓಡಿಸಿ ಬಂದಳು. ಆಗ ಹೆಬ್ಬೆರಳು ಒಂದು ಸಲ ಅಲುಗಿತು.

ಇದನ್ನು ನಾನು ಕಟ್ಟಿ ಹೇಳುತ್ತಿಲ್ಲ. ಗೊಮ್ಮಟೇಶ ಸುಳ್ಳು ಹೇಳುವ ಹುಡುಗನಲ್ಲ. ಹೆಬ್ಬೆರಳು ಅಲುಗಿದ್ದನ್ನು ಅವನು ಕಣ್ಣಾರೆ ಕಂಡಿದ್ದಾನೆ... ಎಡಗಾಲಿನದು.